ಸದ್ದು ಕೇಳಿ ಒಳಗನ್ನು ಹೇಳುವ ಗಣಿತ

(ದೊಡ್ಡಬಳ್ಳಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗಣಿತದ ವಿಷಯ ಇಟ್ಟುಕೊಂಡರೆ ಹಿಂದಿನ ಸಾಲುಗಳು ಊಟಕ್ಕೆ ಮೊದಲೇ ಖಾಲಿಯಾಗುತ್ತವೆ ಎಂದು ಸಂಘಟಕರು ಮೆತ್ತಗೆ ಎಚ್ಚರಿಸಿದ್ದಾರೆ. ಹಾಗಾಗಿ ಹಲಗೆಯ ಮೇಲೆ ಏನನ್ನೂ ಬರೆಯುವುದಿಲ್ಲ. ಹೇಳಬೇಕಾದ ಸಮೀಕರಣಗಳನ್ನು ಬಾಯಲ್ಲೇ ಹೇಳುತ್ತೇನೆ. ಅವು ಕಡಿಮೆಯೇ ಇವೆ.

ಈ ಊರಿನವರಿಗೆ ದೊಡ್ಡ ಪೀಠಿಕೆ ಬೇಕಿಲ್ಲ. ಮಗ್ಗದ ಮನೆಯೊಳಗೆ ಆರೇಳು ಪವರ್‌ಲೂಮ್ ಒಟ್ಟಿಗೆ ಓಡುತ್ತಿರುತ್ತವೆ. ಹೊರಗೆ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿರುವ ಅನುಭವಸ್ಥರು, "ಆ ಮೂರನೇದರ ಲಾಳಿ ಯಾಕೋ ಸರಿ ಹೊಡೀತಿಲ್ಲ ನೋಡೋ" ಎಂದು ಒಳಗಿನ ಹುಡುಗನಿಗೆ ಕೂಗಿ ಹೇಳುತ್ತಾರೆ. ಮಗ್ಗವನ್ನು ಅವರು ನೋಡಿಲ್ಲ, ಸದ್ದನ್ನು ಕೇಳಿದ್ದಾರೆ. ಯಂತ್ರ ಹೀಗಿದ್ದರೆ ಸದ್ದು ಹೇಗಿರುತ್ತದೆ ಎಂದು ಕೇಳುವುದು ನೇರ ಪ್ರಶ್ನೆ. ಸದ್ದು ಹೀಗಿದ್ದರೆ ಯಂತ್ರ ಹೇಗಿರಬೇಕು ಎಂದು ಕೇಳುವುದು ಹಿಮ್ಮುಖ ಪ್ರಶ್ನೆ, ಗಣಿತದ ಪುಸ್ತಕಗಳ ಭಾಷೆಯಲ್ಲಿ ವಿಲೋಮ ಸಮಸ್ಯೆ. ವಸ್ತುವೊಂದು ತನ್ನಷ್ಟಕ್ಕೆ ಹೊರಡಿಸಬಲ್ಲ ಕಂಪನಾಂಕಗಳ ಪಟ್ಟಿಗೆ ರೋಹಿತ ಎನ್ನುತ್ತೇವೆ. ರೋಹಿತದಿಂದ ವಸ್ತುವಿಗೆ ಹಿಂದಿರುಗಬಹುದೇ ಎಂಬುದೇ ಇವತ್ತಿನ ವಿಷಯ. ಇದರಲ್ಲಿ ನನಗೆ ಮುಖ್ಯವೆನಿಸುವುದು ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಒಂದು ಮಾತು: ಈ ಸದ್ದಿಗೆ ಉತ್ತರ ಒಂದೇ ಇದೆಯೇ? ಒಂದಕ್ಕಿಂತ ಹೆಚ್ಚಿದ್ದರೆ, ಇನ್ನೇನನ್ನು ಕೇಳಿಸಿಕೊಂಡರೆ ಒಂದಕ್ಕೆ ಇಳಿಯುತ್ತದೆ?

ಮೊದಲು ಮೃದಂಗ. ತಂತಿಯನ್ನು ಎರಡು ಕಡೆ ಬಿಗಿದು ಮೀಟಿದರೆ ಕಂಪನಾಂಕಗಳು ಒಂದು, ಎರಡು, ಮೂರು, ನಾಲ್ಕು ಎಂಬ ಅನುಪಾತದಲ್ಲಿ ಬರುತ್ತವೆ. ವೀಣೆಯ ನಾದ ಕಿವಿಗೆ ಇಂಪಾಗುವುದು ಅದರಿಂದಲೇ. ಚರ್ಮದ ಕಥೆ ಬೇರೆ. ಎಲ್ಲ ಕಡೆ ಒಂದೇ ದಪ್ಪವಿರುವ ದುಂಡನೆಯ ಚರ್ಮವನ್ನು ಬಿಗಿದು ಬಾರಿಸಿದರೆ ಬರುವ ಅನುಪಾತ 1, 1.59, 2.14, 2.30, 2.65, 2.92 ಎಂದು ಸಾಗುತ್ತದೆ. ಒಂದಕ್ಕೊಂದು ಹೊಂದದ ಸಂಖ್ಯೆಗಳು. ಡೊಳ್ಳು, ತಮಟೆಗಳಲ್ಲಿ ಗತ್ತಿದೆ, ಆದರೆ ಅವುಗಳನ್ನು ತಂಬೂರಿಯ ಶ್ರುತಿಗೆ ಸೇರಿಸುತ್ತೇನೆಂದು ಯಾರೂ ಹೊರಡುವುದಿಲ್ಲ.

ಮೃದಂಗ ಮಾತ್ರ ಶ್ರುತಿಗೆ ಸೇರುತ್ತದೆ. ಅದು ಹೇಗೆ ಎಂದು ಕೇಳಿದವರು ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗಲೇ, 1920ರಲ್ಲಿ, ಶಿವಕಾಲಿ ಕುಮಾರ್ ಜೊತೆ ಸೇರಿ 'ನೇಚರ್' ಪತ್ರಿಕೆಗೆ ಒಂದು ಚಿಕ್ಕ ಟಿಪ್ಪಣಿ ಬರೆದರು. 1933ರಲ್ಲಿ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಮರುವರ್ಷ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಮೇಲೆ ಪೂರ್ಣ ಲೇಖನ ಪ್ರಕಟಿಸಿದರು. ನೊಬೆಲ್ ಬಂದು ನಾಲ್ಕು ವರ್ಷವಾಗಿತ್ತು. ಆ ಹೊತ್ತಿನಲ್ಲೂ ಕೂತು ಮೃದಂಗದ ಮೇಲೆ ನುಣ್ಣನೆಯ ಮರಳು ಚೆಲ್ಲಿ, ಯಾವ ಪೆಟ್ಟಿಗೆ ಮರಳು ಯಾವ ಗೆರೆಯಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಮರಳು ನಿಂತ ಕಡೆ ಚರ್ಮ ಅಲುಗುವುದಿಲ್ಲ.

ಅವರು ಕಂಡದ್ದು ಇಷ್ಟು. ಬಲ ಮುಚ್ಚಿಗೆಯ ನಡುವೆ ಕರಣೆ ಇದೆಯಲ್ಲ, ಆ ಕಪ್ಪು ವೃತ್ತ, ಅದು ಚರ್ಮದ ತೂಕವನ್ನು ನಡುವಿಗೆ ತರುತ್ತದೆ. ಅದರಿಂದ ಮೊದಲ ಒಂಬತ್ತು ಬಗೆಯ ಕಂಪನಗಳು ಅಡ್ಡಾದಿಡ್ಡಿ ಸಂಖ್ಯೆಗಳನ್ನು ಬಿಟ್ಟು ಬರೀ ಐದು ಸ್ವರಗಳಿಗೆ ಬಂದು ಗುಂಪುಗೂಡುತ್ತವೆ. ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಎರಡು, ಐದನೆಯದಕ್ಕೆ ಮೂರು. ಅನುಪಾತ 1, 2, 3, 4, 5. ತಂತಿಯ ಲೆಕ್ಕ ಚರ್ಮದ ಮೇಲೆ ಬಂದು ಕೂತಿದೆ. ವಿದ್ವಾಂಸರು 'ನಂ' ನುಡಿಸುವಾಗ ಉಂಗುರಬೆರಳನ್ನು ಕರಣೆಯ ಅಂಚಿಗೆ ಹಗುರವಾಗಿ ತಗುಲಿಸಿ ತೋರುಬೆರಳಿನಿಂದ ಹೊಡೆಯುತ್ತಾರೆ. ಬೆರಳು ತಗುಲಿದ ಕಡೆ ಚರ್ಮ ಅಲುಗುವುದಿಲ್ಲವಾದ್ದರಿಂದ ಯಾವ ಕಂಪನ ಉಳಿಯಬೇಕು, ಯಾವುದು ಅಡಗಬೇಕು ಎಂಬುದನ್ನು ಆ ಬೆರಳೇ ತೀರ್ಮಾನಿಸುತ್ತದೆ.

ಇದನ್ನು ಭೌತವಿಜ್ಞಾನದ ಲೇಖನವಾಗಿ ಓದುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ರಾಮನ್ ಬಿಡಿಸಿದ್ದು ನೇರ ಪ್ರಶ್ನೆ: ಕರಣೆ ಹೀಗಿದೆ, ನಾದ ಹೇಗಿದೆ? ಮೃದಂಗ ಮಾಡುವವರು ಶತಮಾನಗಳ ಹಿಂದೆಯೇ ಹಿಮ್ಮುಖ ಪ್ರಶ್ನೆಯನ್ನು ಬಿಡಿಸಿಕೊಂಡಿದ್ದರು: ನಾದ ಹೀಗಿರಬೇಕು, ತೂಕವನ್ನು ಎಲ್ಲೆಲ್ಲಿ ಎಷ್ಟೆಷ್ಟು ಹಚ್ಚಬೇಕು? ಬೆಂದ ಅನ್ನವನ್ನು ಅರೆದು, ಕಬ್ಬಿಣ ಮ್ಯಾಂಗನೀಸಿನ ಕಪ್ಪು ಪುಡಿ ಬೆರೆಸಿ, ಒಂದು ಪದರ ಹಚ್ಚಿ, ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜಿ, ಬಾರಿಸಿ ಕೇಳಿ, ಆಮೇಲೆ ಮುಂದಿನ ಪದರ. ಹಚ್ಚು, ಕೇಳು, ತಿದ್ದು. ಇಂದು ಕಂಪ್ಯೂಟರಿನಲ್ಲಿ ವಿಲೋಮ ಸಮಸ್ಯೆ ಬಿಡಿಸುವವರು ಮಾಡುವುದೂ ಅದನ್ನೇ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಸತೇಜ್ ಮತ್ತು ಅಧಿಕಾರಿ 2009ರಲ್ಲಿ ಕರಣೆಯ ಅಂಚು ಥಟ್ಟನೆ ಮುಗಿಯದೆ ನಿಧಾನವಾಗಿ ತೆಳುವಾಗುತ್ತದೆಂದು ಇಟ್ಟುಕೊಂಡು, ಅಳೆದ ಕಂಪನಾಂಕಗಳಿಗೆ ಹತ್ತಿರ ಬರುವವರೆಗೆ ಅಳತೆಗಳನ್ನು ತಿದ್ದಿ ತಿದ್ದಿ ಹುಡುಕಿದರು. ಉತ್ತರ ಚೆನ್ನಾಗಿ ಹೊಂದಿತು. ಮುಚ್ಚಿಗೆ ಕಟ್ಟುವವರ ಕೈ ಅಂಚನ್ನು ಹಾಗೆ ಇಳಿಸಿ ಹಚ್ಚುವುದು ಎಂದಿನಿಂದಲೂ ಇದೆ.

ರಾಮನ್ ಬೆಂಗಳೂರಿನಲ್ಲಿ ಮಾಡಿದ ಮೃದಂಗದ ಕೆಲಸಕ್ಕೆ ಇನ್ನೊಂದು ಎಳೆ ಉಂಟು. ವಿಜ್ಞಾನ ಸಂಸ್ಥೆಯಲ್ಲಿ ಶಬ್ದಶಾಸ್ತ್ರ ಕಲಿಸುತ್ತಿದ್ದ ಬಿ.ಎಸ್. ರಾಮಕೃಷ್ಣ ಮತ್ತು ಅಲ್ಲಿ ಓದಿದ ಮನಮೋಹನ ಸೋಂಧಿ ಸೇರಿ 1954ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ನಡುವೆ ಭಾರದ ವೃತ್ತ, ಸುತ್ತ ಹಗುರದ ಬಳೆ ಎಂದು ಚರ್ಮವನ್ನು ಎರಡು ಪಾಲು ಮಾಡಿ ರಾಮನ್ ಕಂಡ ಗುಂಪುಗಳನ್ನು ಲೆಕ್ಕದಿಂದ ಪಡೆದರು. ಆಮೇಲೆ ಸೋಂಧಿ ಅಮೆರಿಕಕ್ಕೆ ಹೋಗಿ ಬೆಲ್ ಪ್ರಯೋಗಾಲಯ ಸೇರಿದರು. ದೂರದ ಟೆಲಿಫೋನ್ ಕರೆಗಳಲ್ಲಿ ನಮ್ಮ ಮಾತೇ ನಮಗೆ ಮರಳಿ ಕೇಳಿಸುವ ಕಾಟವನ್ನು ಕಳೆಯುವ ಉಪಾಯವನ್ನು 1967ರಲ್ಲಿ ಪ್ರಕಟಿಸಿದವರಲ್ಲಿ ಅವರೂ ಒಬ್ಬರು. ಅವರು ಇನ್ನೊಂದು ಸಲ ಈ ಉಪನ್ಯಾಸಕ್ಕೆ ಬರುತ್ತಾರೆ. ಅದಕ್ಕೆ ಮೊದಲು ತಂತಿಯ ಹಿಮ್ಮುಖ ಪ್ರಶ್ನೆಯನ್ನು ಮುಗಿಸಬೇಕು.

ಒಂದು ತಂತಿ ಇದೆ. ಉದ್ದಕ್ಕೂ ಒಂದೇ ತೂಕವಿಲ್ಲ, ಎಲ್ಲೋ ಒಂದು ಮಣಿ ಅಂಟಿದೆ. ಸ್ವರಗಳ ಪಟ್ಟಿ ಕೊಟ್ಟರೆ ಮಣಿ ಎಲ್ಲಿದೆ ಹೇಳಬಹುದೇ? ಆಗುವುದಿಲ್ಲ. ಎಡ ತುದಿಯಿಂದ ಒಂದು ಗೇಣು ದೂರದಲ್ಲಿದ್ದರೂ ಬಲ ತುದಿಯಿಂದ ಒಂದು ಗೇಣು ದೂರದಲ್ಲಿದ್ದರೂ ಪಟ್ಟಿ ಒಂದೇ. ಇದು ಮಕ್ಕಳಿಗೂ ಹೊಳೆಯುವ ಅಡ್ಡಿ. ಇದಕ್ಕಿಂತ ಕಳ್ಳ ಅಡ್ಡಿಗಳೂ ಇವೆ.

1929ರಲ್ಲಿ ಲೆನಿನ್‌ಗ್ರಾಡಿನಲ್ಲಿದ್ದ ವಿಕ್ಟರ್ ಅಂಬಾರ್ಟ್ಸುಮಿಯಾನ್, ಇನ್ನೂ ಹರೆಯದ ಖಗೋಳ ವಿದ್ಯಾರ್ಥಿ, ಒಂದು ವಿಶೇಷ ಸಂದರ್ಭವನ್ನು ಹಿಡಿದರು. ಎರಡೂ ತುದಿ ಸಡಿಲವಿದ್ದು, ಪಟ್ಟಿ ಸಮನಾದ ತಂತಿಯ ಪಟ್ಟಿಯೇ ಆಗಿದ್ದರೆ, ಒಳಗೆ ಏನೂ ಇಲ್ಲ ಎಂದು ಖಚಿತವಾಗಿ ಹೇಳಬಹುದು ಎಂದು ತೋರಿಸಿದರು. ಖಗೋಳದವರು ಭೌತವಿಜ್ಞಾನದ ಪತ್ರಿಕೆಯಲ್ಲಿ ಬರೆದ ಗಣಿತ. ಹದಿನೈದು ವರ್ಷಕ್ಕೂ ಮೇಲೆ ಅದನ್ನು ಯಾರೂ ಗಮನಿಸಲಿಲ್ಲ. 1946ರಲ್ಲಿ ಸ್ವೀಡನ್ನಿನ ಗೋರಾನ್ ಬೋರ್ಗ್ ಸಾಮಾನ್ಯ ಸಂದರ್ಭವನ್ನು ಬಿಡಿಸಿದರು: ಒಂದು ಪಟ್ಟಿ ಸಾಲದು, ಎರಡು ಸಾಕು. ಒಮ್ಮೆ ಎರಡೂ ತುದಿ ಬಿಗಿದು ಕೇಳಿ, ಇನ್ನೊಮ್ಮೆ ಒಂದು ತುದಿಯನ್ನು ಸಡಿಲಿಸಿ ಕೇಳಿ. ಎರಡೂ ಪಟ್ಟಿ ಪೂರ್ತಿ ಸಿಕ್ಕರೆ ತಂತಿಯ ಒಳಗಿರುವುದು ಒಂದೇ ರೀತಿ ಇರಲು ಸಾಧ್ಯ. ಐದಾರು ವರ್ಷಗಳೊಳಗೆ ಖಾರ್ಕಿವ್‌ನ ಮಾರ್ಚೆಂಕೊ, ಮಾಸ್ಕೋದ ಗೆಲ್ಫಾಂಡ್ ಮತ್ತು ಲೆವಿಟಾನ್, ಒಡೆಸ್ಸಾದ ಕ್ರೈನ್ ಅದನ್ನು ಲೆಕ್ಕ ಹಾಕಿ ಕಟ್ಟುವ ದಾರಿಯನ್ನೂ ಕೊಟ್ಟರು. 1978ರಲ್ಲಿ ಹಾಕ್‌ಸ್ಟಾಟ್ ಮತ್ತು ಲೀಬರ್ಮನ್ ಇನ್ನೊಂದು ಸೊಗಸಾದ ಫಲಿತಾಂಶ ಸೇರಿಸಿದರು: ಅರ್ಧ ತಂತಿ ಹೇಗಿದೆ ಎಂದು ಮೊದಲೇ ಗೊತ್ತಿದ್ದರೆ ಉಳಿದರ್ಧಕ್ಕೆ ಒಂದೇ ಪಟ್ಟಿ ಸಾಕು.

ಮಾರ್ಕ್ ಕಾಟ್ಸ್ 1966ರಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲಿರುವ ಗಣಿತದ ಅಧ್ಯಾಪಕರೆಲ್ಲ ಬಲ್ಲರು: ಸದ್ದಿನಿಂದ ಚರ್ಮದ ಆಕಾರ ಹೇಳಬಹುದೇ? ಆಗದು ಎಂದು 1992ರಲ್ಲಿ ಗಾರ್ಡನ್, ವೆಬ್, ವೋಲ್ಪರ್ಟ್ ತೋರಿಸಿದರು. ಆಕಾರ ಬೇರೆ, ಸದ್ದು ಒಂದೇ ಇರುವ ಎರಡು ಮೂಲೆಮೂಲೆಯ ಚರ್ಮಗಳನ್ನು ಬರೆದು ತೋರಿಸಿದರು. ಈ ಕಥೆ ಬಹಳ ಸಲ ಹೇಳಿಸಿಕೊಂಡಿದೆ, ಬಿಡುತ್ತೇನೆ. ನನಗೆ ಅದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಬಾಯಿ.

'ಆ' ಎನ್ನಿ. 'ಈ' ಎನ್ನಿ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಅಲ್ಲಿಂದ ತುಟಿಯವರೆಗಿನ ನಳಿಗೆ. ದೊಡ್ಡವರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ. ನಾಲಗೆ ಅದನ್ನು ಒಂದು ಕಡೆ ಕಿರಿದು ಮಾಡುತ್ತದೆ, ಇನ್ನೊಂದು ಕಡೆ ಅಗಲ ಬಿಡುತ್ತದೆ. ಎಲ್ಲ ಕಡೆ ಒಂದೇ ಅಗಲವಿದ್ದರೆ ಅದು ಸೆಕೆಂಡಿಗೆ 500, 1500, 2500 ಸಲ ಎಂದು ಕಂಪಿಸುತ್ತದೆ. 'ಈ' ಎನ್ನುವಾಗ ಮೊದಲನೆಯದು 300ರ ಹತ್ತಿರಕ್ಕೆ ಇಳಿಯುತ್ತದೆ, ಎರಡನೆಯದು 2000 ದಾಟುತ್ತದೆ. ಕಿವಿ ಸ್ವರವನ್ನು ಗುರುತಿಸುವುದು ಮುಖ್ಯವಾಗಿ ಈ ಸಂಖ್ಯೆಗಳಿಂದ. ಹಾಗಾದರೆ ರೆಕಾರ್ಡ್ ಮಾಡಿದ ಮಾತಿನಿಂದ ನಾಲಗೆ ಎಲ್ಲಿತ್ತು ಎಂದು ಲೆಕ್ಕ ಹಾಕಬಹುದೇ?

ಇಲ್ಲಿ ಸಮೀಕರಣ ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿ ಬರುತ್ತದೆ. ನಳಿಗೆಯ ಪ್ರತಿ ಜಾಗದಲ್ಲೂ ಎರಡು ಪರಿಮಾಣ: ಗಾಳಿಯ ಒತ್ತಡ, ಗಾಳಿಯ ಹರಿವು. ಒತ್ತಡ ಜಾಗದಿಂದ ಜಾಗಕ್ಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಹರಿವು ನಿರ್ಧರಿಸುತ್ತದೆ, ನಳಿಗೆ ಅಗಲವಿದ್ದಷ್ಟೂ ಕಡಿಮೆ. ಹರಿವು ಎಷ್ಟು ಬದಲಾಗುತ್ತದೆ ಎಂಬುದನ್ನು ಒತ್ತಡ ನಿರ್ಧರಿಸುತ್ತದೆ, ನಳಿಗೆ ಅಗಲವಿದ್ದಷ್ಟೂ ಹೆಚ್ಚು. ಎರಡು ಅವಕಲ ಸಮೀಕರಣಗಳು, ಒಂದರೊಳಗೆ ಇನ್ನೊಂದು. ಟೆಲಿಗ್ರಾಫ್ ತಂತಿಯಲ್ಲಿ ವೋಲ್ಟೇಜಿಗೂ ವಿದ್ಯುತ್ ಪ್ರವಾಹಕ್ಕೂ ಇರುವ ನಂಟೂ ಇದೇ.

ಈ ಜೋಡಿಯನ್ನು ಸ್ವಲ್ಪ ಹೊತ್ತು ನೋಡಿದರೆ ಒಂದು ಚಮತ್ಕಾರ ಕಾಣುತ್ತದೆ. ಒತ್ತಡ ಮತ್ತು ಹರಿವಿನ ಪಾತ್ರಗಳನ್ನು ಅದಲುಬದಲು ಮಾಡಿ, ಅಗಲ ಇದ್ದಲ್ಲಿ ಕಿರಿದು ಕಿರಿದಿದ್ದಲ್ಲಿ ಅಗಲ ಮಾಡಿ, ನಳಿಗೆಯನ್ನು ಹಿಂದುಮುಂದಾಗಿ ತಿರುಗಿಸಿ. ಸಮೀಕರಣಗಳು ಇದ್ದ ಹಾಗೆಯೇ ಇರುತ್ತವೆ. ಅಂದರೆ, ಗಂಟಲಿನಿಂದ 4 ಸೆಂಟಿಮೀಟರ್ ಮೇಲೆ ಅರ್ಧ ವಿಸ್ತೀರ್ಣಕ್ಕೆ ಕಿರಿದಾದ ಒಂದು ನಳಿಗೆ, ತುಟಿಯಿಂದ 4 ಸೆಂಟಿಮೀಟರ್ ಒಳಗೆ ಎರಡರಷ್ಟು ವಿಸ್ತೀರ್ಣಕ್ಕೆ ಉಬ್ಬಿದ ಇನ್ನೊಂದು ನಳಿಗೆ, ಈ ಎರಡರ ಕಂಪನಾಂಕಗಳ ಪಟ್ಟಿ ಕೊನೆಯವರೆಗೂ ಒಂದೇ. ಒಂದರಲ್ಲಿ ಗಂಟಲು ಬಿಗಿದಿದೆ, ಇನ್ನೊಂದರಲ್ಲಿ ಬಾಯಿಯ ಮುಂಭಾಗ ತೆರೆದಿದೆ. ಬರೀ ಪಟ್ಟಿಯಿಂದ ಯಾವುದೆಂದು ಹೇಳಲು ಯಾವ ಕಂಪ್ಯೂಟರಿಗೂ ಆಗದು. ದೊಡ್ಡ ಯಂತ್ರ ತಂದರೂ, ಎಷ್ಟು ದಶಮಾಂಶ ಸ್ಥಾನಗಳವರೆಗೆ ಅಳೆದರೂ ಆಗದು. ಅಳತೆ ಒರಟಾಗಿದೆ ಎಂಬ ಕಾರಣಕ್ಕೆ ಉತ್ತರ ತಪ್ಪುವುದು ಒಂದು ಬಗೆ. ಕೇಳಿದ ಸದ್ದಿನಲ್ಲಿ ಉತ್ತರವೇ ಇಲ್ಲದಿರುವುದು ಬೇರೆ ಬಗೆ. ನಮ್ಮ ಪ್ರಯೋಗಾಲಯಗಳಲ್ಲಿ ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ 'ಎರರ್' ಎಂದು ಬರೆದುಬಿಡುತ್ತೇವೆ. ಅದು ನನಗೆ ಸರಿಕಾಣುವುದಿಲ್ಲ.

1967ರಲ್ಲಿ ಬೆಲ್ ಪ್ರಯೋಗಾಲಯದ ಶ್ರೋಡರ್ ಮತ್ತು ಮರ್ಮೆಲ್‌ಸ್ಟೀನ್ ಇದನ್ನು ಸ್ಪಷ್ಟವಾಗಿ ಕಂಡರು: ಮಾತಿನ ಸದ್ದಿನಲ್ಲಿರುವುದು ಅರ್ಧ ಸಮಾಚಾರ. ಬೋರ್ಗ್ ಹೇಳಿದಂತೆ ಎರಡನೇ ಪಟ್ಟಿ ಬೇಕು. ತುಟಿ ತೆರೆದಾಗಿನದು ಒಂದು, ತುಟಿ ಮುಚ್ಚಿದಾಗಿನದು ಇನ್ನೊಂದು. ಆದರೆ ತುಟಿ ಮುಚ್ಚಿದ ಬಾಯಿಯ ಸದ್ದನ್ನು ಹೊರಗೆ ಕೇಳುವುದಾದರೂ ಹೇಗೆ? ಆಗ ಸೋಂಧಿ ಮತ್ತು ಅವರ ಸಹೋದ್ಯೋಗಿ ಬಿ. ಗೋಪಿನಾಥ್ ಬೇರೆ ದಾರಿ ಹಿಡಿದರು. ಮಾತನ್ನು ಕೇಳುವುದೇ ಬೇಡ, ತುಟಿಗೆ ಒಂದು ಕೊಳವೆ ಹಿಡಿದು ಹೊರಗಿನಿಂದ ಒಂದು ಚಿಟಿಕೆಯಷ್ಟು ಸದ್ದನ್ನು ಒಳಗೆ ಕಳಿಸಿ ಮರುದನಿ ಕೇಳೋಣ ಎಂದರು. ಮನುಷ್ಯ ಮೌನವಾಗಿ 'ಈ' ಎಂಬ ಭಂಗಿಯಲ್ಲಿ ನಾಲಗೆ ಇಟ್ಟುಕೊಂಡಿದ್ದರೆ ಸಾಕು. ಸದ್ದು ಗಂಟಲಿಗೆ ಹೋಗಿ ಮರಳಲು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಆ ಅವಧಿಯ ಮೊದಲ ಹತ್ತನೇ ಒಂದು ಪಾಲಿನಲ್ಲಿ ಬಂದ ಮರುದನಿಗೆ ತುಟಿಯ ಹತ್ತಿರದ ಹತ್ತನೇ ಒಂದು ಪಾಲು ನಳಿಗೆಯಷ್ಟೇ ಗೊತ್ತು, ಅದಕ್ಕಿಂತ ಒಳಗಿನಿಂದ ಸದ್ದು ಇನ್ನೂ ಮರಳಿಲ್ಲ. ಹಾಗಾಗಿ ಹೊತ್ತು ಕಳೆದಂತೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸಾಗುತ್ತ ಅಗಲವನ್ನು ಬರೆದುಕೊಳ್ಳಬಹುದು. ಇದನ್ನು ಅವರು ಒಂದು ಸಮಾಕಲ ಸಮೀಕರಣವಾಗಿ 1970 ಮತ್ತು 1971ರಲ್ಲಿ ಪ್ರಕಟಿಸಿದರು. ವಿಲೋಮ ಸಮಸ್ಯೆಗಳ ಸಾಹಿತ್ಯದಲ್ಲಿ ಅದಕ್ಕೆ ಗೋಪಿನಾಥ್–ಸೋಂಧಿ ಸಮೀಕರಣವೆಂದೇ ಹೆಸರು. ಮೃದಂಗದ ಕರಣೆಯ ಲೆಕ್ಕ ಹಾಕಿದ ಕೈ ಅದು. ನಮ್ಮ ಪಠ್ಯಪುಸ್ತಕಗಳಲ್ಲಿ ರಾಮನ್ ಪರಿಣಾಮ ಬರುತ್ತದೆ, ಬರಬೇಕು. ಈ ಸಮೀಕರಣಕ್ಕೂ ಒಂದು ಪ್ಯಾರಾ ಜಾಗ ಸಿಗಬಹುದಿತ್ತು.

ಈಗ ಸ್ವಲ್ಪ ಕಷ್ಟದ ಭಾಗ. ಕಂಪಿಸುವ ವಸ್ತುಗಳು ಹಲವು ಇದ್ದು ಒಂದಕ್ಕೊಂದು ಬೆಸೆದುಕೊಂಡಿದ್ದರೆ? ಮೃದಂಗದಲ್ಲೇ ನೋಡಿ, ಬಲ ಎಡ ಎರಡು ಮುಚ್ಚಿಗೆಗಳಿವೆ, ನಡುವೆ ಗಾಳಿ ಇದೆ. ಇಂಥ ವ್ಯವಸ್ಥೆಯಲ್ಲಿ ಪ್ರತಿ ಜಾಗಕ್ಕೂ ಒಂದು ಸಂಖ್ಯೆಯ ಬದಲು ಸಂಖ್ಯೆಗಳ ಚೌಕ, ಅಂದರೆ ಮಾತೃಕೆ, ಬರುತ್ತದೆ. ಆಗ ಪಟ್ಟಿ ಇನ್ನಷ್ಟು ಮೋಸ ಮಾಡುತ್ತದೆ. ಮನೆಯಲ್ಲೇ ಮಾಡಬಹುದಾದ ಒಂದು ಉದಾಹರಣೆ ಹೇಳುತ್ತೇನೆ. ಸೂರಿಗೆ ಎರಡು ಲೋಲಕ ಕಟ್ಟಿ, ಒಂದು ಮೂರು ಅಡಿ ಉದ್ದದ್ದು, ಇನ್ನೊಂದು ಒಂದು ಅಡಿಯದು. ಒಂದಕ್ಕೊಂದು ಸಂಬಂಧವಿಲ್ಲ. ಕಂಪನಾಂಕದ ವರ್ಗಗಳು 1 ಮತ್ತು 3 ಎಂಬ ಅನುಪಾತದಲ್ಲಿ ಬರುತ್ತವೆ. ಪಕ್ಕದ ಕೋಣೆಯಲ್ಲಿ ಮೂರು ಅಡಿಯ ಎರಡು ಲೋಲಕ ಕಟ್ಟಿ, ಸಮನಾದ ಗುಂಡು, ನಡುವೆ ತಕ್ಕಷ್ಟು ಬಿಗಿಯ ಒಂದು ಸ್ಪ್ರಿಂಗ್ ಸಿಕ್ಕಿಸಿ. ಎರಡೂ ಒಟ್ಟಿಗೆ ತೂಗಿದರೆ ಸ್ಪ್ರಿಂಗ್ ಎಳೆಯುವುದೇ ಇಲ್ಲ, ವರ್ಗ 1. ಎದುರುಬದುರಾಗಿ ತೂಗಿದರೆ ಸ್ಪ್ರಿಂಗ್ ಎರಡು ಪಾಲು ಬಿಗಿ ಸೇರಿಸುತ್ತದೆ, ವರ್ಗ 3. ಪಟ್ಟಿ ಅದೇ! ಮೊದಲ ಕೋಣೆಯಲ್ಲಿ ಬೇರೆ ಬೇರೆ ಲೋಲಕ, ನಂಟಿಲ್ಲ. ಎರಡನೆಯದರಲ್ಲಿ ಒಂದೇ ತರಹದ ಲೋಲಕ, ನಂಟಿದೆ. ಸಂಖ್ಯೆಗಳಿಗೆ ನಂಟು ಇದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲ.

ಗೊತ್ತು ಮಾಡಿಕೊಳ್ಳಲು ಒಂದನ್ನು ತಳ್ಳಿ ಇನ್ನೊಂದನ್ನು ನೋಡಬೇಕು. ಮೃದಂಗದಲ್ಲಾದರೆ ಬಲಕ್ಕೆ ಹೊಡೆದು ಬಲದಲ್ಲಿ ಕೇಳಿ, ಬಲಕ್ಕೆ ಹೊಡೆದು ಎಡದಲ್ಲಿ ಕೇಳಿ, ಎಡಕ್ಕೆ ಹೊಡೆದು ಎಡದಲ್ಲಿ ಕೇಳಿ. ನಾಲ್ಕನೆಯದು ಬೇಕಿಲ್ಲ, ಅದು ಎರಡನೆಯದರಂತೆಯೇ ಇರುತ್ತದೆ ಎಂಬುದು ಭೌತವಿಜ್ಞಾನಿ ರೇಲಿಯವರ ಕಾಲದಿಂದ ತಿಳಿದಿದೆ. ಎಲ್ಲ ಕಂಪನಾಂಕಗಳಿಗೂ ಹೀಗೆ ಕೋಷ್ಟಕ ತುಂಬಿದರೆ ಅದಕ್ಕೆ ವೈಲ್ ಮಾತೃಕೆ ಎಂದು ಹೆಸರು. ಅವಕಲ ಸಮೀಕರಣಗಳ ವ್ಯವಸ್ಥೆಗಳಲ್ಲಿ ಹಿಮ್ಮುಖ ಪ್ರಶ್ನೆಗೆ ಒಂದೇ ಉತ್ತರ ಬರಬೇಕಾದರೆ ಸಾಮಾನ್ಯವಾಗಿ ಈ ಇಡೀ ಮಾತೃಕೆ ಬೇಕು, ಇಲ್ಲವೇ ತುದಿಗಳನ್ನು ಬೇರೆ ಬೇರೆ ರೀತಿ ಕಟ್ಟಿ ಪಡೆದ ಹಲವಾರು ಪಟ್ಟಿಗಳು ಬೇಕು. ಖಾರ್ಕಿವ್‌ನ ಅಗ್ರಾನೋವಿಚ್ ಮತ್ತು ಮಾರ್ಚೆಂಕೊ 1960ರಲ್ಲಿ ಇಂಥ ವ್ಯವಸ್ಥೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಸೇರಿದ ಡ್ಯೂಟರಾನಿನಲ್ಲೂ ಇದೇ ಬೆಸುಗೆ ಇದೆ. ಕ್ಷೇತ್ರ ಇನ್ನೂ ಬೆಳೆಯುತ್ತಿದೆ. ನಮ್ಮ ಊರಿನಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಯಲಹಂಕದ ಕಡೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರವಿದೆ. ಅಲ್ಲಿ ವಿಲೋಮ ಸಮಸ್ಯೆಗಳ ಮೇಲೆ ಕೆಲಸ ನಡೆಯುತ್ತಿದೆ. ಎಂ.ಎಸ್ಸಿ. ವಿದ್ಯಾರ್ಥಿಗಳು ಗಮನಿಸಿ.

ದೊಡ್ಡ ಉದಾಹರಣೆಗಳನ್ನು ಓಡಿಸಿಬಿಡುತ್ತೇನೆ. 1960ರ ಮೇ 22ರ ಚಿಲಿ ಭೂಕಂಪದ ಪೆಟ್ಟಿಗೆ ಇಡೀ ಭೂಮಿ ಘಂಟೆಯಂತೆ ಮೊಳಗಿತು. ಅದರ ಅತಿ ಮಂದ್ರ ಸ್ವರದ ಒಂದು ಕಂಪನಕ್ಕೆ 54 ನಿಮಿಷ. ಆ ಸ್ವರಗಳು ಭೂಮಿಯ ಒಳಗನ್ನು ಪರೀಕ್ಷಿಸಲು ನೆರವಾದವು. ಸೂರ್ಯನ ಮೈ ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ ಎಂದು 1960ರ ದಶಕದ ಆರಂಭದಲ್ಲಿ ಲೈಟನ್ ಬಳಗ ಕಂಡಿತು. 1995ರಿಂದ ಜಗತ್ತಿನ ಆರು ಕಡೆಯಿಂದ, ಅದರಲ್ಲಿ ಉದಯಪುರವೂ ಒಂದು, ಬಿಡದೆ ಅದನ್ನು ನೋಡುತ್ತಿದ್ದಾರೆ. ಕುದಿಯುವ ಪದರದ ತಳ ಸೂರ್ಯನ ತ್ರಿಜ್ಯದ 0.713 ಪಾಲಿನಲ್ಲಿದೆ ಎಂಬ ಸಂಖ್ಯೆ ಈ ಸ್ವರಗಳಿಂದಲೇ ಬಂದದ್ದು. ಸೂರ್ಯನೊಳಗೆ ಯಾರೂ ಕೊರೆದು ನೋಡಿಲ್ಲ.

ನಾವು ಮಾತ್ರ ಕೊರೆಯುತ್ತಲೇ ಇದ್ದೇವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕು ತಾಲ್ಲೂಕಿನಲ್ಲೂ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದೇವೆ ಎಂಬುದು ಹೊಸ ಸುದ್ದಿಯಲ್ಲ. ಬೋರ್‌ವೆಲ್ ಹಾಕಿಸುವ ಮುನ್ನ ಪಾಯಿಂಟ್ ನೋಡಿಸಬೇಕು. ಕೆಲವರು ತೆಂಗಿನಕಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಹೊಲದಲ್ಲಿ ನಡೆಯುವವರನ್ನು ಕರೆಸುತ್ತಾರೆ, ಕಾಯಿ ಎದ್ದು ನಿಂತ ಕಡೆ ಪಾಯಿಂಟ್. ಕೆಲವರು ಜಿಯಾಲಜಿಸ್ಟ್‌ರನ್ನು ಕರೆಸುತ್ತಾರೆ. ಅವರು ನೆಲಕ್ಕೆ ನಾಲ್ಕು ಸಲಾಕೆ ನೆಡುತ್ತಾರೆ. ಹೊರಗಿನ ಎರಡರಿಂದ ಕರೆಂಟ್ ಹರಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ನೋಡುತ್ತಾರೆ. ಸಲಾಕೆಗಳ ಅಂತರ ಹೆಚ್ಚಿಸಿದಷ್ಟೂ ಕರೆಂಟ್ ಆಳಕ್ಕೆ ಹೋಗುತ್ತದೆ. ಒಂದೊಂದು ಅಂತರಕ್ಕೂ ಒಂದೊಂದು ರೀಡಿಂಗ್, ಕೊನೆಗೆ ಒಂದು ವಕ್ರರೇಖೆ. ಅದರಿಂದ ನೆಲದಡಿಯ ಪದರಗಳನ್ನು ಹೇಳಬೇಕು.

ಇದು ಬಾಯಿಯ ನಳಿಗೆಯ ಪ್ರಶ್ನೆಯೇ. ಒತ್ತಡದ ಜಾಗದಲ್ಲಿ ವೋಲ್ಟೇಜ್, ಹರಿವಿನ ಜಾಗದಲ್ಲಿ ಕರೆಂಟ್, ನಳಿಗೆಯ ವಿಸ್ತೀರ್ಣದ ಜಾಗದಲ್ಲಿ ಮಣ್ಣು ವಿದ್ಯುತ್ತನ್ನು ಹರಿಯಬಿಡುವ ಗುಣ. ಅದೇ ಸಮೀಕರಣಗಳ ಜೋಡಿ, ಒಂದೇ ಒಂದು ಚಿಹ್ನೆಯ ವ್ಯತ್ಯಾಸ. ಆ ಚಿಹ್ನೆಯಿಂದ ಕಂಪನಾಂಕ ಕಾಲ್ಪನಿಕ ಸಂಖ್ಯೆಯಾಗುತ್ತದೆ. ಮರುದನಿ ಇಲ್ಲ, ಹೊತ್ತಿಗೆ ಸರಿಯಾಗಿ ಒಳಕ್ಕೆ ಸಾಗುವ ಸೌಲಭ್ಯವಿಲ್ಲ. ಮೇಲಿನ ಪದರ, ಕೆಳಗಿನ ಪದರ ಎಲ್ಲ ಒಂದರೊಳಗೊಂದು ಕಲಸಿಕೊಂಡು ಒಂದೇ ರೀಡಿಂಗ್ ಆಗಿ ಬರುತ್ತವೆ. ಈ ಪ್ರಶ್ನೆಯನ್ನು ಗಣಿತವಾಗಿ 1933ರಲ್ಲಿ ಅಮೆರಿಕದ ಲ್ಯಾಂಗರ್ ಎತ್ತಿಕೊಂಡರು. ಪದರಗಳು ಮಟ್ಟಸವಾಗಿದ್ದು ವಕ್ರರೇಖೆ ಪೂರ್ತಿ ನಿಖರವಾಗಿ ಸಿಕ್ಕರೆ ಉತ್ತರ ಒಂದೇ ಎಂದು 1949ರಲ್ಲಿ ಮಾಸ್ಕೋದ ತಿಖೊನೋವ್ ಸಾಧಿಸಿದರು. ಆದರೆ ಹೊಲದಲ್ಲಿ ಸಿಗುವುದು ಹತ್ತಿಪ್ಪತ್ತು ರೀಡಿಂಗ್, ಅದೂ ಅಲುಗಾಡುವ ಮುಳ್ಳಿನ ರೀಡಿಂಗ್. ತಿಖೊನೋವ್ ಮುಂದೆ ಇಂಥ ಹುಚ್ಚಾಟದ ಲೆಕ್ಕಗಳನ್ನು ಹದಕ್ಕೆ ತರುವ ವಿಧಾನಕ್ಕೇ ಹೆಸರಾದರು.

ನಮ್ಮ ನೆಲ ಹೇಗಿದೆ? ಮೇಲೆ ಒಣ ಮಣ್ಣು, ಅದರ ಕೆಳಗೆ ಶಿಥಿಲವಾಗಿ ತೇವ ಹಿಡಿದ ಕಲ್ಲು, ಅದರ ಕೆಳಗೆ ಗಟ್ಟಿ ನೈಸ್ ಬಂಡೆ. ಬೇಕಾದದ್ದು ನಡುವಿನ ಪದರದ ದಪ್ಪ. ಅದು 5 ಮೀಟರ್ ದಪ್ಪವಿದ್ದು ರೋಧಕತೆ, ಅಂದರೆ ವಿದ್ಯುತ್ತನ್ನು ತಡೆಯುವ ಗುಣ, 20 ಓಮ್-ಮೀಟರ್ ಇದ್ದರೂ, 10 ಮೀಟರ್ ದಪ್ಪವಿದ್ದು 40 ಓಮ್-ಮೀಟರ್ ಇದ್ದರೂ ವಕ್ರರೇಖೆ ಕಣ್ಣಿಗೆ ಒಂದೇ. ಹೆಚ್ಚು ರೋಧಕತೆಯ ಎರಡು ಪದರಗಳ ನಡುವೆ ಸಿಕ್ಕಿಕೊಂಡ ತೆಳು ಪದರದ ವಿಷಯದಲ್ಲಿ ರೀಡಿಂಗಿಗೆ ಗೊತ್ತಾಗುವುದು ದಪ್ಪವನ್ನು ರೋಧಕತೆಯಿಂದ ಭಾಗಿಸಿದ ಸಂಖ್ಯೆ ಮಾತ್ರ. ಇಲ್ಲಿ ಎರಡಕ್ಕೂ ಕಾಲು ಬರುತ್ತದೆ. ಭೂಭೌತ ವಿಜ್ಞಾನಿಗಳು ಇದನ್ನು ಬಹಳ ಹಿಂದೆಯೇ ಬಲ್ಲರು. ಹಾಗಿದ್ದರೂ ರೈತರ ಕೈಗೆ ಸಿಗುವ ಚೀಟಿಯಲ್ಲಿ "ಇಷ್ಟು ಅಡಿಗೆ ನೀರು" ಎಂದು ಒಂದೇ ಸಂಖ್ಯೆ ಇರುತ್ತದೆ. ಒಂದೇ ಸಂಖ್ಯೆ ಹೇಳುವುದಾದರೆ ತೆಂಗಿನಕಾಯಿಯೂ ಹೇಳುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ಯಂತ್ರದ ಹೆಚ್ಚುಗಾರಿಕೆ ಇರುವುದು "ಐದರಿಂದ ಹತ್ತು ಮೀಟರ್, ಇನ್ನೂ ಖಚಿತವಾಗಿ ಈ ಅಳತೆಯಿಂದ ಹೇಳಲಾಗದು" ಎಂಬ ಸಾಲಿನಲ್ಲಿ. ಆ ಸಾಲನ್ನು ಬರೆಯಲು ಹಿಂಜರಿಯುವುದೇಕೆ ಎಂದು ನನಗೆ ತಿಳಿಯದೇನಿಲ್ಲ, ಹಾಗೆ ಬರೆದವರನ್ನು ಮತ್ತೊಮ್ಮೆ ಯಾರೂ ಕರೆಯುವುದಿಲ್ಲ.

ಇನ್ನೊಂದು ತೊಡಕಿದೆ. ಲೆಕ್ಕವೆಲ್ಲ ಪದರಗಳು ಮಟ್ಟಸವಾಗಿವೆ ಎಂದು ನಂಬಿ ನಡೆಯುತ್ತದೆ. ಬಂಡೆಯೊಳಗೆ ನೀರಿರುವುದು ಬಿರುಕುಗಳಲ್ಲಿ. ಬಿರುಕುಗಳು ಓರೆಯಾಗಿ, ಕೆಲವೊಮ್ಮೆ ನೆಟ್ಟಗೆ, ಒಂದು ದಿಕ್ಕು ಹಿಡಿದು ಹೋಗಿರುತ್ತವೆ. ಸಲಾಕೆಗಳ ಒಂದು ಸಾಲಿಗೆ ಆ ದಿಕ್ಕು ತಿಳಿಯುವುದಿಲ್ಲ. ಆದ್ದರಿಂದ ಪಾಯಿಂಟ್ ನೋಡಲು ಬಂದವರನ್ನು ಅದೇ ಜಾಗದಲ್ಲಿ ಸಾಲನ್ನು ಕಾಲು ಸುತ್ತು ತಿರುಗಿಸಿ, ಪೂರ್ವ–ಪಶ್ಚಿಮ ನೆಟ್ಟಿದ್ದರೆ ಉತ್ತರ–ದಕ್ಷಿಣ ನೆಟ್ಟು, ಇನ್ನೊಮ್ಮೆ ಅಳೆಯಲು ಕೇಳಿ. ಎರಡು ವಕ್ರರೇಖೆಗಳು ಒಂದರ ಮೇಲೊಂದು ಕೂತರೆ ಮಟ್ಟಸ ಪದರದ ಲೆಕ್ಕ ಸದ್ಯಕ್ಕೆ ನಡೆಯುತ್ತದೆ. ಬೇರೆ ಬೇರೆಯಾದರೆ ಆ ಲೆಕ್ಕದಿಂದ ಬಂದ ಅಡಿಯ ಸಂಖ್ಯೆಯನ್ನು ನೆಚ್ಚಿಕೊಂಡು ರಿಗ್ ಲಾರಿಗೆ ಫೋನ್ ಮಾಡಬೇಡಿ. ಎರಡನೇ ಸಾಲಿಗೆ ಹೆಚ್ಚಿನ ಹೊತ್ತು ಹಿಡಿಯುತ್ತದೆ, ಹೆಚ್ಚಿನ ಕೂಲಿಯನ್ನೂ ಕೇಳುತ್ತಾರೆ. ಕೊಡಿ.